ಭರವಸೆ ಉತ್ತಮ ಪುರುಷದ ಮಾತು

ಅಪ್ಪ ತೀರಿಕೊಂಡ ಒಂಬತ್ತನೆಯ ದಿನ ಹಿರಿಯರೊಬ್ಬರು ಮನೆಗೆ ಬಂದರು. ಊರಿನಲ್ಲಿ ಗೌರವಸ್ಥರು, ದೈವಭಕ್ತರು. ಚಾಪೆಯ ಮೇಲೆ ಕೂತು ಅಮ್ಮನ ಮುಖ ನೋಡಿ, “ದೇವರಿದ್ದಾನಮ್ಮ. ಅವನ ಮೇಲೆ ಭರವಸೆ ಇಟ್ಟವರು ಹೀಗೆ ಅಳ್ತಾ ಕೂರೋದಿಲ್ಲ. ನಗ್ತಾ ಇರಬೇಕು. ಎಲ್ಲಾ ಒಳ್ಳೇದಕ್ಕೇ” ಎಂದರು. ಅಮ್ಮ ತಲೆಯಾಡಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಕಾಫಿ ತರುತ್ತೇನೆಂದು ಒಳಗೆ ಹೋದಳು.

ಅಮ್ಮ ನಮ್ಮೂರಿನ ಭಜನಾ ಮಂಡಳಿಯಲ್ಲಿ ಇಪ್ಪತ್ತು ವರ್ಷದಿಂದ ಹಾಡುತ್ತಿದ್ದವಳು. ಪುರಂದರದಾಸರು, ಕನಕದಾಸರು, ವಿಜಯದಾಸರು ಅವಳಿಗೆ ಪುಸ್ತಕದಿಂದ ಬಂದವರಲ್ಲ, ಅವಳ ಅಮ್ಮನ ಬಾಯಿಂದ ಬಂದವರು. ಆ ದಿನದ ನಂತರ ಸುಮಾರು ಎಂಟು ತಿಂಗಳು ಅವಳು ಹಾಡಲಿಲ್ಲ. ದುಃಖಕ್ಕೆ ಹಾಡು ನಿಂತಿದೆ ಎಂದೇ ನಾನು ತಿಳಿದಿದ್ದೆ. ಒಂದು ಸಂಜೆ ಹೂ ಕಟ್ಟುತ್ತಾ ಅವಳೇ ಹೇಳಿದಳು: “ಹಾಡೋಕೆ ಭಯ ಆಗುತ್ತೆ ಕಣೆ. ಹಾಡಿದ್ರೆ ಗಂಡ ಹೋದ್ರೂ ಹೇಗೆ ಹಾಡ್ತಾಳೆ ನೋಡು ಅಂತಾರೆ. ಅತ್ರೆ ನಂಬಿಕೆ ಇಲ್ಲ ಅಂತಾರೆ.”

ಅವಳ ಹಾಡನ್ನು ಕಿತ್ತುಕೊಂಡದ್ದು ಸಾವು ಒಂದೇ ಅಲ್ಲ, ಸಮಾಧಾನದ ಒಂದು ಮಾತು ಕೂಡ ಎಂಬುದು ನನಗೆ ಅಂದು ಗೊತ್ತಾಯಿತು.

ಅದೇ ಮಾತು ಬೇರೆ ಕಡೆಯೂ ನನಗೆ ಎದುರಾಗಿದೆ. ಶಿಷ್ಯವೇತನ ತಿಂಗಳುಗಟ್ಟಲೆ ಬಾರದೆ ಇದ್ದಾಗ ಕಚೇರಿಯೊಂದರ ಮುಂದೆ ನಿಂತು ವಿಚಾರಿಸಿದೆ. ಮೇಜಿನ ಆಚೆ ಕೂತವರು ನಗುತ್ತಾ, “ದೇವರ ಮೇಲೆ ಭಾರ ಹಾಕಿ ಮೇಡಂ, ಬರುತ್ತೆ” ಎಂದರು. ನನ್ನ ಕಡತವೇನೂ ದೇವರ ಮೇಜಿನ ಮೇಲೆ ಇರಲಿಲ್ಲ. ಅವರ ಮೇಜಿನ ಮೇಲೆಯೇ, ಚಹಾದ ಲೋಟದ ಪಕ್ಕದಲ್ಲೇ ಇತ್ತು. ಬೇಕಾಗಿದ್ದದ್ದು ಒಂದು ಸಹಿ.

ಬೆಳಗಾದರೆ ಮೊಬೈಲಿಗೆ ಬರುವ ಶುಭೋದಯದ ಸಂದೇಶಗಳನ್ನು ನೀವೂ ನೋಡಿರುತ್ತೀರಿ. ಸೂರ್ಯೋದಯ, ಕೆಳಗೆ ದೀಪ, ಅದರ ಕೆಳಗೆ ‘ನಂಬಿದವರಿಗೆ ದುಃಖವಿಲ್ಲ’ ಎಂಬ ಒಕ್ಕಣೆ. ಅದನ್ನು ತಿರುಗಿಸಿ ಓದಿ ನೋಡಿ: ನಿನಗೆ ದುಃಖವಿದೆ ಎಂದರೆ ನೀನು ನಂಬಿಲ್ಲ. ಗಂಡನನ್ನು ಕಳೆದುಕೊಂಡವಳಿಗೆ, ಬೆಳೆ ಹೋದವನಿಗೆ, ಮೂರನೆಯ ಬಾರಿಯೂ ನೇಮಕಾತಿ ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗನಿಗೆ ಇದು ಎರಡನೆಯ ಪೆಟ್ಟು. ಮೊದಲು ನಷ್ಟ, ಆಮೇಲೆ ಆ ನಷ್ಟಕ್ಕೆ ನೀನೇ ಹೊಣೆ ಎಂಬ ತೀರ್ಪು.

ದೇವರ ಮೇಲಿನ ಭರವಸೆಯಿಂದ ಕಷ್ಟದ ನಡುವೆಯೂ ಆನಂದ ಸಿಗಬಲ್ಲದು ಎಂಬ ಮಾತಿಗೆ ನನ್ನ ವಿರೋಧವಿಲ್ಲ. ಕನ್ನಡದ ಭಕ್ತಿಸಾಹಿತ್ಯವನ್ನು ಓದುತ್ತಾ ಐದು ವರ್ಷ ಕಳೆದ ನಾನು ಆ ಆನಂದವನ್ನು ಅಲ್ಲಗಳೆಯಲಾರೆ. ಅದು ಪದಗಳಲ್ಲಿ, ತಾಳದಲ್ಲಿ ಕಣ್ಣಿಗೆ ಕಾಣುವಂತಿದೆ. ನನ್ನ ಜಗಳ ಆ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದರ ಬಗ್ಗೆ. ಕನ್ನಡ ವ್ಯಾಕರಣ ‘ನಾನು, ನಾವು’ ಎಂಬುದನ್ನು ಉತ್ತಮ ಪುರುಷ ಎನ್ನುತ್ತದೆ, ‘ನೀನು, ನೀವು’ ಎಂಬುದನ್ನು ಮಧ್ಯಮ ಪುರುಷ. ಭರವಸೆ ಉತ್ತಮ ಪುರುಷದ ಮಾತು. ‘ನಾನು ನಂಬಿದ್ದೇನೆ’ ಎನ್ನಬಹುದು. ‘ನೀನು ನಂಬು, ನಗು’ ಎಂದು ನೊಂದವರ ಮುಂದೆ ಕೂತು ಹೇಳಿದ ಕೂಡಲೇ ಅದು ಭರವಸೆಯಾಗಿ ಉಳಿಯುವುದಿಲ್ಲ. ಅಪ್ಪಣೆಯಾಗುತ್ತದೆ.

ಇದು ನಾನು ಹೊಸದಾಗಿ ಕಟ್ಟಿದ ಸಿದ್ಧಾಂತವಲ್ಲ. ಇಂಥ ಹಿತೋಪದೇಶಕರು ಯಾರ ಹೆಸರು ಹೇಳಿಕೊಂಡು ಮಾತಾಡುತ್ತಾರೋ ಆ ದಾಸರ ಕೀರ್ತನೆಗಳಲ್ಲೇ ಇದು ಇದೆ.

ಕಷ್ಟದಲ್ಲಿರುವವರಿಗೆ ನಮ್ಮಲ್ಲಿ ಅತಿ ಹೆಚ್ಚು ಬಾರಿ ಕೇಳಿಸುವ ಹಾಡು ಕನಕದಾಸರದು; ತಲ್ಲಣ ಬೇಡ, ತಾಳ್ಮೆಯಿರಲಿ, ಎಲ್ಲರನ್ನೂ ಸಲಹುವವನು ಒಬ್ಬನಿದ್ದಾನೆ ಎನ್ನುವ ಆ ಪ್ರಸಿದ್ಧ ಕೀರ್ತನೆ. ಬೆಟ್ಟದ ತುದಿಯ ಮರ, ಕಲ್ಲಿನೊಳಗಿನ ಕಪ್ಪೆ ಯಾರಿಗೆ ನೆನಪಿಲ್ಲ? ಆದರೆ ಅದನ್ನು ಮತ್ತೊಮ್ಮೆ ಕೇಳಿ, ಅದರ ಸಂಬೋಧನೆಯನ್ನು ಗಮನಿಸಿ. ಕನಕದಾಸರು ಅದನ್ನು ಪಕ್ಕದ ಮನೆಯ ವಿಧವೆಗೆ ಹೇಳಿಲ್ಲ. ಹಸಿದ ಆಳಿಗೆ ಹೇಳಿಲ್ಲ. ತಮ್ಮ ಮನಸ್ಸಿಗೆ ಹೇಳಿಕೊಂಡಿದ್ದಾರೆ. ಆ ಮನಸ್ಸು ತಲ್ಲಣಿಸುತ್ತಿತ್ತು, ಅದಕ್ಕೇ ಹೇಳಬೇಕಾಯಿತು. ಪಲ್ಲವಿ ಚರಣಚರಣಕ್ಕೂ ಮರಳಿ ಬರುತ್ತದೆ; ಒಂದು ಸಲ ಹೇಳಿದರೆ ಕೇಳುವ ಮನಸ್ಸಾಗಿದ್ದರೆ ಅಷ್ಟು ಸಲ ಹೇಳಬೇಕಿರಲಿಲ್ಲ. ನಡುಗುವ ಮಗುವಿನ ಬೆನ್ನು ಸವರಿದ ಹಾಗೆ ಅವರು ತಮ್ಮ ಮನಸ್ಸನ್ನು ತಾವೇ ಸವರಿಕೊಳ್ಳುತ್ತಿದ್ದಾರೆ. ಹಾಡಿನ ಒಳಗೆ ಭಯ ಇದೆ. ಭಯವನ್ನು ತೆಗೆದುಹಾಕಿ ಬರೀ ಉಪದೇಶವನ್ನು ಉಳಿಸಿಕೊಂಡವರು ನಾವು.

ಪುರಂದರದಾಸರ ಕಥೆಯೂ ಹೀಗೇ. ಕೋಟ್ಯಧೀಶ ವ್ಯಾಪಾರಿ ಶ್ರೀನಿವಾಸ ನಾಯಕ, ಹೆಂಡತಿ ದಾನ ಕೊಟ್ಟ ಮೂಗುತಿಯ ಪ್ರಸಂಗದಿಂದ ಕಣ್ಣು ತೆರೆದು, ಇದ್ದದ್ದನ್ನೆಲ್ಲ ಬಿಟ್ಟು ದಾಸನಾದ ಎಂಬ ಐತಿಹ್ಯ ನಮಗೆಲ್ಲ ಗೊತ್ತು. ನಡೆದದ್ದೆಲ್ಲ ತನ್ನ ಒಳ್ಳೆಯದಕ್ಕೇ ಆಯಿತು ಎಂಬ ಅರ್ಥದ ಅವರದೊಂದು ಕೀರ್ತನೆ ಇದೆ. ಹಿಂದೆ ತಂಬೂರಿ ಹಿಡಿಯಲು ನಾಚುತ್ತಿದ್ದೆ, ಬುಟ್ಟಿ ಹಿಡಿಯಲು ಗರ್ವ ಅಡ್ಡ ಬರುತ್ತಿತ್ತು, ಹೆಂಡತಿಯಿಂದ ಅದೆಲ್ಲ ಕಳೆಯಿತು ಎಂದು ಅವರು ಅಲ್ಲಿ ನೆನೆಯುತ್ತಾರೆ. ಆ ಹಾಡಿನಲ್ಲಿ ಆನಂದವಿದೆ, ಕೃತಜ್ಞತೆಯಿದೆ, ಸ್ವಲ್ಪ ತುಂಟತನವೂ ಇದೆ. ಆದರೆ ಕಳೆದದ್ದು ಯಾರ ಹಣ? ಅವರದು. ಕಳಚಿದ್ದು ಯಾರ ಗರ್ವ? ಅವರದು. ಅದು ಒಳ್ಳೆಯದಕ್ಕೇ ಆಯಿತು ಎಂದು ತೀರ್ಮಾನಿಸುವ ಹಕ್ಕು ಯಾರದು? ಅದೂ ಅವರದೇ. ಅದೇ ಮಾತನ್ನು ಅವರು ಮನೆ ಸುಟ್ಟುಹೋದ ನೆರೆಯವನ ಬಾಗಿಲಲ್ಲಿ ನಿಂತು ಹೇಳಿದ್ದರೆ ನಾವು ಅವರನ್ನು ದಾಸಶ್ರೇಷ್ಠರೆಂದು ಕರೆಯುತ್ತಿರಲಿಲ್ಲ. ನಮ್ಮ ಮನೆಗೆ ಬಂದ ಹಿರಿಯರು ಮಾಡಿದ್ದು ಅದನ್ನೇ. ಪುರಂದರದಾಸರು ತಮ್ಮ ಬದುಕಿನ ಬಗ್ಗೆ ಹೇಳಿದ್ದನ್ನು ಅಮ್ಮನ ಬದುಕಿನ ಮೇಲೆ ಹೊದಿಸಿದರು.

ಇನ್ನೊಂದು ವಿಷಯವನ್ನು ಇವರು ಮರೆಸುತ್ತಾರೆ. ದಾಸರು ದೇವರೊಂದಿಗೆ ಜಗಳವಾಡುತ್ತಿದ್ದರು. ನಿಂದಾಸ್ತುತಿ ಎಂಬ ಒಂದು ಪ್ರಕಾರವೇ ಇದೆ. ನಿನಗಿಂತ ನಾನೇ ಭಾಗ್ಯವಂತ, ನನಗಾದರೆ ನಿನ್ನಂಥ ಒಡೆಯನಿದ್ದಾನೆ, ನಿನಗೆ ಯಾರಿದ್ದಾರೆ ಎಂದು ಪುರಂದರದಾಸರು ಒಂದು ಕಡೆ ದೇವರನ್ನು ಛೇಡಿಸುತ್ತಾರೆ. ಇನ್ನೊಂದು ಕಡೆ ನೀನೂ ಬೇಡ, ನಿನ್ನ ಹಂಗೂ ಬೇಡ, ನಿನ್ನ ಹೆಸರೊಂದಿದ್ದರೆ ನನಗೆ ಸಾಕು ಎಂದು ಮುಖ ತಿರುಗಿಸುತ್ತಾರೆ. ಮೊಸಳೆ ಹಿಡಿದ ಆನೆಯನ್ನು, ಸಭೆಯಲ್ಲಿ ಸೀರೆ ಸೆಳೆಸಿಕೊಂಡ ದ್ರೌಪದಿಯನ್ನು ಕಾದದ್ದು ನಿನ್ನ ಹೆಸರು, ನೀನಲ್ಲ ಎಂಬುದು ಅಲ್ಲಿಯ ವಾದ. ಇಂಥ ಮಾತನ್ನು ಅಪರಿಚಿತರಿಗೆ ಹೇಳಲಾಗುವುದಿಲ್ಲ. ತನ್ನವರೆಂಬ ಗಟ್ಟಿ ನಂಬಿಕೆ ಇದ್ದವರಿಗೆ ಮಾತ್ರ ಹೇಳಬಹುದು. ಜಗಳ ಇಲ್ಲಿ ಭರವಸೆಯ ಕೊರತೆಯಿಂದ ಹುಟ್ಟಿಲ್ಲ. ಭರವಸೆ ಇರುವುದರಿಂದಲೇ ಜಗಳಕ್ಕೆ ಜಾಗವಾಗಿದೆ. ನನ್ನ ಓದಿನ ಮಟ್ಟಿಗೆ ಹೇಳುವುದಾದರೆ ದಾಸರ ಆನಂದ ಚಿಮ್ಮುವುದು ಈ ಸಲಿಗೆಯಲ್ಲಿ. ನೋವನ್ನು ನುಂಗಿಕೊಂಡು ನಕ್ಕವರ ಆನಂದವಲ್ಲ ಅದು. ನೋವನ್ನು ಯಾರ ಮುಂದಾದರೂ ಕೂಗಿ ಹೇಳಬಹುದು, ಹೇಳಿದರೂ ಸಂಬಂಧ ಮುರಿಯುವುದಿಲ್ಲ ಎಂದು ಗೊತ್ತಿದ್ದವರ ಆನಂದ.

ತಾಳ್ಮೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎನ್ನುವವರು ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಓದಬೇಕು. ಭಾಮಿನಿ ಷಟ್ಪದಿಯ ಈ ಪುಟ್ಟ ಕಾವ್ಯದಲ್ಲಿ ಧಾನ್ಯಗಳಲ್ಲಿ ಶ್ರೇಷ್ಠ ಯಾವುದು ಎಂಬ ಪ್ರಶ್ನೆ ರಾಮನ ಮುಂದೆ ಬರುತ್ತದೆ. ಭತ್ತ ತನ್ನ ಕುಲದ ಹೆಮ್ಮೆಯಿಂದ ರಾಗಿಯನ್ನು ಹೀಗಳೆಯುತ್ತದೆ. ಆಗ ರಾಗಿ, ಅಂದರೆ ಕಾವ್ಯದ ನರೆದಲೆಗ, ತಲೆ ತಗ್ಗಿಸಿ ಸುಮ್ಮನಿರುವುದಿಲ್ಲ. ನೀನು ಉಳ್ಳವರ ಕಡೆಯವನು, ಬಡವರನ್ನು ಕಣ್ಣೆತ್ತಿಯೂ ನೋಡದವನು ಎಂದು ತುಂಬಿದ ಸಭೆಯಲ್ಲೇ ತಿರುಗಿ ಬೀಳುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅವಧಿ ಮುಗಿದ ಮೇಲೆ ಭತ್ತ ಕಂದಿದೆ, ರಾಗಿ ಗಟ್ಟಿಯಾಗಿದೆ. ರಾಘವನ ಹೆಸರೇ ಅದಕ್ಕೆ ಬಿರುದಾಗುತ್ತದೆ.

ರಾಗಿ ಕಾದಿತು ನಿಜ. ಆದರೆ ತನ್ನ ಮಾತನ್ನು ಆಡಿ ಮುಗಿಸಿದ ಮೇಲೆ ಕಾದಿತು. ಅನ್ಯಾಯವನ್ನು ಅನ್ಯಾಯವೆಂದು ಹೆಸರಿಸಿ, ನ್ಯಾಯ ಕೊಡಬೇಕಾದವನ ಮುಂದೆಯೇ ನಿಂತು, ಅನಂತರ ಸೆರೆಗೆ ಹೋಯಿತು. ತಲ್ಲಣಿಸಬೇಡವೆಂದು ಮನಸ್ಸಿಗೆ ಹೇಳಿಕೊಂಡ ಕವಿಯೇ ಈ ಕಾವ್ಯವನ್ನೂ ಬರೆದದ್ದು. ಕನಕದಾಸರಲ್ಲಿ ಈ ಎರಡೂ ಒಟ್ಟಿಗೆ ಇವೆ. ನಾವು ಮೊದಲನೆಯದನ್ನು ಮಾತ್ರ ಹರಿದುಕೊಂಡು ಹಂಚುತ್ತಿದ್ದೇವೆ. ಶಿಷ್ಯವೇತನದ ಮೇಜಿನ ಆಚೆ ಕೂತವರಿಗೆ ನಾನು ಕೇಳಬೇಕೆಂದುಕೊಂಡು ಕೇಳದೆ ಬಂದ ಪ್ರಶ್ನೆ ಇಷ್ಟೇ: ಸ್ವಾಮಿ, ತಾಳ್ಮೆ ನನ್ನದಿರಲಿ, ಸಹಿ ಯಾರದು?

ಇದು ದಾಸರಿಗೆ ಮಾತ್ರ ಸೇರಿದ ಗುಣವಲ್ಲ ಎಂದು ನನಗೆ ತೋರಿಸಿಕೊಟ್ಟವಳು ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಬೀದರ್ ಕಡೆಯ ಗೆಳತಿ. ಅವಳು ಕ್ರೈಸ್ತಳು. ಅವಳ ಮಂಚದ ಮೇಲಿನ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಅದರ ಒಂದು ಪುಟದಲ್ಲಿ ಹಬಕ್ಕೂಕನೆಂಬ ಪ್ರವಾದಿಯ ಮಾತು. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲ ಬಿಡದಿದ್ದರೂ, ಹೊಲದಲ್ಲಿ ಬೆಳೆಯಿಲ್ಲದೆ ಹಟ್ಟಿಯಲ್ಲಿ ಕುರಿಯಿಲ್ಲದೆ ಹೋದರೂ ನಾನು ದೇವರಲ್ಲಿ ಸಂತೋಷಪಡುತ್ತೇನೆ ಎಂಬುದು ಅದರ ಸಾರ. ಬೆಳೆ ಹೋದ ಸೀಮೆಯಿಂದ ಬಂದವಳಿಗೆ ಆ ಮಾತಿನ ತೂಕ ಗೊತ್ತಿತ್ತು. ಒಂದು ರಾತ್ರಿ ಅವಳು, “ಇದು ಮೂರನೇ ಅಧ್ಯಾಯ. ಒಂದನೇದು ಓದು, ಅದನ್ನ ಯಾರೂ ಕ್ಯಾಲೆಂಡರಿಗೆ ಹಾಕಂಗಿಲ್ಲ” ಎಂದಳು.

ಓದಿದೆ. ಮೂರೇ ಅಧ್ಯಾಯದ ಆ ಪುಸ್ತಕ ಶುರುವಾಗುವುದೇ ದೂರಿನಿಂದ. ಎಷ್ಟು ಕಾಲ ಕೂಗಲಿ, ನೀನು ಕೇಳಿಸಿಕೊಳ್ಳುತ್ತಿಲ್ಲ, ಕಣ್ಣೆದುರು ಹಿಂಸೆ ನಡೆಯುತ್ತಿದೆ, ನ್ಯಾಯ ಸತ್ತಿದೆ ಎಂದು ಪ್ರವಾದಿ ನೇರವಾಗಿ ದೇವರನ್ನೇ ಕೇಳುತ್ತಾನೆ. ದೇವರ ಉತ್ತರ ಅವನಿಗೆ ಸಮಾಧಾನ ಕೊಡುವುದಿಲ್ಲ. ಕ್ರೂರಿಗಳಾದ ಬಾಬಿಲೋನಿನವರನ್ನು ಎಬ್ಬಿಸುತ್ತೇನೆ ಎಂಬ ಉತ್ತರ ಅದು. ಅವನು ಮತ್ತೆ ವಾದಿಸುತ್ತಾನೆ. ಆಮೇಲೆ, ನೀನು ಏನು ಹೇಳುತ್ತೀಯೋ ನೋಡೇ ಬಿಡುತ್ತೇನೆ ಎಂಬಂತೆ ಕಾವಲು ಬುರುಜಿನ ಮೇಲೆ ನಿಲ್ಲುತ್ತಾನೆ. ಇಷ್ಟೆಲ್ಲ ದಾಟಿ ಬಂದ ಮೇಲೆ ‘ಆದರೂ ನಾನು’ ಎಂಬ ಮಾತು ಬರುತ್ತದೆ. ಅಲ್ಲೂ ‘ನಾನು’. ಕುರಿ ಕಳೆದುಕೊಂಡ ಕುರುಬನ ಮನೆಗೆ ಹೋಗಿ ‘ಆದರೂ ನೀನು ಸಂತೋಷಪಡು’ ಎಂದು ಅವನು ಹೇಳಲಿಲ್ಲ.

ಕನ್ನಡ ಬೈಬಲಿನಲ್ಲಿ 150 ಪ್ರಾರ್ಥನಾಗೀತೆಗಳ ಸಂಕಲನಕ್ಕೆ ‘ಕೀರ್ತನೆಗಳು’ ಎಂದು ಹೆಸರು. ಅನುವಾದಿಸಿದವರು ಆ ಪದವನ್ನು ಸುಮ್ಮನೆ ಆರಿಸಿರಲಾರರು ಎನ್ನಿಸುತ್ತದೆ. ಅವುಗಳಲ್ಲಿ ಹಲವು ಗೋಳಿನ ಹಾಡುಗಳೇ. 88ನೆಯದಂತೂ ಯಾವ ಸಮಾಧಾನವನ್ನೂ ಹೇಳದೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಯಾರೂ ತೆಗೆದುಹಾಕಲಿಲ್ಲ. ಅದೂ ಪ್ರಾರ್ಥನೆಯೇ ಎಂದು ಉಳಿಸಿಕೊಂಡರು.

ಯೋಬನ ಕಥೆಯಲ್ಲಿ ಸಮಾಧಾನ ಹೇಳುವವರ ಬಗ್ಗೆಯೇ ತೀರ್ಪಿದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬನನ್ನು ನೋಡಲು ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಏನೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ದೇವರ ಪರ ವಕಾಲತ್ತು ಶುರು: ನೀನು ಏನೋ ತಪ್ಪು ಮಾಡಿರಬೇಕು, ಒಪ್ಪಿಕೋ, ಸರಿಹೋಗುತ್ತದೆ. ಯೋಬ ಒಪ್ಪುವುದಿಲ್ಲ. ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ. ಪುಸ್ತಕದ ಕೊನೆಯಲ್ಲಿ ದೇವರು ಯಾರ ಮೇಲೆ ಸಿಟ್ಟಾಗುತ್ತಾನೆ? ತನ್ನ ಪರವಾಗಿ ವಾದಿಸಿದ ಆ ಮೂವರ ಮೇಲೆ. ನನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎನ್ನುತ್ತಾನೆ. ದೇವರ ಹೆಸರಿನಲ್ಲಿ ನೊಂದವರ ಬಾಯಿ ಮುಚ್ಚಿಸುವವರಿಗೆ ಇದಕ್ಕಿಂತ ಕಟುವಾದ ಉತ್ತರ ನನಗೆ ಗೊತ್ತಿಲ್ಲ. ಅದನ್ನು ಹೇಳಿದವನು ನಾಸ್ತಿಕನಲ್ಲ, ಆ ಕಥೆಯ ದೇವರೇ.

ಇಷ್ಟು ಹೇಳಿದ ಮೇಲೆ ನನ್ನ ಎರಡನೆಯ ಎದುರಾಳಿಗಳ ಕಡೆಗೂ ತಿರುಗಬೇಕು. ಅವರು ವಿಚಾರ ಸಂಕಿರಣಗಳಲ್ಲಿ ಸಿಗುತ್ತಾರೆ. ನಾನೂ ಅವರ ನಡುವೆಯೇ ಕೂರುವವಳು. ಭಕ್ತಿಯೆಂದರೆ ಪಲಾಯನ, ದೇವರ ಮೇಲಿನ ಭರವಸೆಯೆಂದರೆ ಬಡವರಿಗೆ ಕುಡಿಸಿದ ಅಫೀಮು ಎಂದು ಅವರು ಒಂದೇ ವಾಕ್ಯದಲ್ಲಿ ವಿಷಯ ಮುಗಿಸುತ್ತಾರೆ. ಅಫೀಮಿನ ಮಾತು ಬಂದಾಗ ಮಾರ್ಕ್ಸ್ ಹೆಸರು ಬರಲೇಬೇಕು. 1844ರಲ್ಲಿ ಪ್ರಕಟವಾದ ಆ ಬರಹವನ್ನು, ಹೆಗೆಲ್ ವಿಮರ್ಶೆಯ ಪೀಠಿಕೆಯನ್ನು, ಅವರು ಎರಡು ವಾಕ್ಯ ಹಿಂದಕ್ಕೆ ಹೋಗಿ ಓದಿದರೆ ಸಾಕು. ಧರ್ಮದಲ್ಲಿ ಕಾಣುವ ಸಂಕಟ ನಿಜವಾದ ಸಂಕಟದ ಅಭಿವ್ಯಕ್ತಿಯೂ ಹೌದು, ಅದರ ವಿರುದ್ಧದ ಪ್ರತಿಭಟನೆಯೂ ಹೌದು ಎಂದು ಮಾರ್ಕ್ಸ್ ಅಲ್ಲಿ ಬರೆದಿದ್ದಾರೆ. ಅಫೀಮು ಆ ಕಾಲದಲ್ಲಿ ಔಷಧದಂಗಡಿಯಲ್ಲಿ ಸಿಗುತ್ತಿದ್ದ ನೋವುನಿವಾರಕವೂ ಆಗಿತ್ತು. ಮಾರ್ಕ್ಸ್ ಧರ್ಮದ ಪರ ಇದ್ದರೆಂದು ನಾನು ಹೇಳುತ್ತಿಲ್ಲ, ಇರಲಿಲ್ಲ. ಆದರೆ ನಿಟ್ಟುಸಿರನ್ನು ಅವರು ಕೇಳಿಸಿಕೊಂಡಿದ್ದರು. ನಮ್ಮ ಸಂಕಿರಣದ ಮಿತ್ರರು ಅದನ್ನೂ ಕೇಳಿಸಿಕೊಳ್ಳುವುದಿಲ್ಲ.

ವಿಚಿತ್ರವೆಂದರೆ ನಮ್ಮ ಮನೆಗೆ ಬಂದ ಹಿರಿಯರೂ ಈ ವಿಮರ್ಶಕರೂ ಒಂದು ವಿಷಯದಲ್ಲಿ ಒಂದೇ. ಭರವಸೆ ಇದ್ದವರು ಪ್ರಶ್ನೆ ಕೇಳುವುದಿಲ್ಲ ಎಂದು ಇಬ್ಬರೂ ನಂಬಿದ್ದಾರೆ. ಒಬ್ಬರಿಗೆ ಅದು ಸದ್ಗುಣ, ಇನ್ನೊಬ್ಬರಿಗೆ ರೋಗ. ಅಮ್ಮನಂಥವಳು ಇಬ್ಬರ ಲೆಕ್ಕದಲ್ಲೂ ಸುಮ್ಮನೆ ತಲೆಯಾಡಿಸುವವಳು. ಅವಳು ಅಡುಗೆಮನೆಯಲ್ಲಿ ದೇವರೊಂದಿಗೆ ಆಡುವ ಮಾತನ್ನು ಇಬ್ಬರೂ ಕೇಳಿಲ್ಲ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪ ಬರುತ್ತದೆ. ದಾಸರು ಮಧ್ಯಮ ಪುರುಷದಲ್ಲಿ ಮಾತಾಡಲೇ ಇಲ್ಲವೇ? ಮನುಷ್ಯಜನ್ಮ ದೊಡ್ಡದು, ಹಾಳು ಮಾಡಿಕೊಳ್ಳಬೇಡಿ ಎಂದು ಜನರನ್ನು ಹುಚ್ಚರೆಂದು ಬೈದಿಲ್ಲವೇ? ಲೋಕವನ್ನು ತಿದ್ದಲು ಹೊರಟವರಿಗೆ ಮೊದಲು ನಿಮ್ಮನ್ನು ತಿದ್ದಿಕೊಳ್ಳಿ ಎಂದು ಬಸವಣ್ಣ ಹೇಳಿಲ್ಲವೇ? ಹೇಳಿದ್ದಾರೆ. ಆದರೆ ಆ ‘ನೀವು’ ಯಾರು ಎಂದು ನೋಡಿ. ನಾನು ಓದಿದ ಮಟ್ಟಿಗೆ ಈ ಬೈಗುಳ ಬೀಳುವುದು ಕೂಡಿಟ್ಟವರ ಮೇಲೆ, ಒಣ ಆಚಾರದವರ ಮೇಲೆ, ತಾನೇ ಸರಿಯೆಂದುಕೊಂಡವರ ಮೇಲೆ. ಎಲ್ಲ ಇರುವವರನ್ನು ಎಬ್ಬಿಸಲು ಬೈಗುಳ ಬೇಕು. ಎಲ್ಲ ಕಳೆದುಕೊಂಡವರು ಎದ್ದೇ ಇರುತ್ತಾರೆ. ರಾತ್ರಿಯಿಡೀ ಅವರಿಗೆ ನಿದ್ದೆಯಿಲ್ಲ. ಉಳ್ಳವರಿಗೆ ಹೇಳಿದ ಮಾತನ್ನು ಇಲ್ಲದವರ ಕಡೆ ತಿರುಗಿಸುವುದು ಓದಿನಲ್ಲಿ ಮಾಡುವ ತಪ್ಪು ಮಾತ್ರವಲ್ಲ, ನಡೆಯಲ್ಲಿ ಮಾಡುವ ತಪ್ಪು.

ಹಾಗಾದರೆ ನೊಂದವರ ಮನೆಗೆ ಹೋದ ಭಕ್ತ ಏನು ಮಾಡಬೇಕು? ಇದಕ್ಕೂ ದಾಸಪರಂಪರೆಯಲ್ಲೇ ಒಂದು ಐತಿಹ್ಯವಿದೆ. ಹದಿನೆಂಟನೆಯ ಶತಮಾನ. ಮಾನ್ವಿಯ ಕಡೆಯ ಪಂಡಿತರಾದ ಶ್ರೀನಿವಾಸಾಚಾರ್ಯರು ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಹಗುರವಾಗಿ ಕಂಡು, ಹೊಟ್ಟೆನೋವಿನ ನೆಪ ಹೇಳಿ ಅವರ ಪಂಕ್ತಿಯ ಊಟ ತಪ್ಪಿಸಿಕೊಳ್ಳುತ್ತಾರೆ. ನೆಪ ನಿಜವಾಗುತ್ತದೆ. ಹೊಟ್ಟೆಯ ಬೇನೆ ಪ್ರಾಣಕ್ಕೇ ಬಂದಾಗ ಅವರು ವಿಜಯದಾಸರಲ್ಲಿಗೆ ಬರುತ್ತಾರೆ. ಅವರು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸುತ್ತಾರೆ. ಗೋಪಾಲದಾಸರಿಗೆ ಉಪದೇಶ ಮಾಡಲು ಎಲ್ಲ ಕಾರಣವೂ ಇತ್ತು. ನೀನು ಮಾಡಿದ್ದಕ್ಕೆ ಇದು ಫಲ, ಇನ್ನಾದರೂ ನಂಬು ಎನ್ನಬಹುದಿತ್ತು. ಅವರು ಮಾಡಿದ್ದು ಬೇರೆ. ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷವನ್ನು ತೆಗೆದು ಕೊಟ್ಟರಂತೆ. ಆ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ ಬರೆದರು.

ಆಯುಸ್ಸನ್ನು ಕೊಡಲು ಬರುತ್ತದೆಯೇ ಎಂದು ನೀವು ಕೇಳಬಹುದು. ಅದನ್ನು ನಂಬಿಸುವುದು ನನ್ನ ಉದ್ದೇಶವಲ್ಲ. ಒಂದು ಸಮುದಾಯ ತಲೆಮಾರುಗಳ ಕಾಲ ಯಾವ ಕಥೆಯನ್ನು ಹೇಳಿಕೊಂಡು ಬಂತು ಎಂಬುದನ್ನು ನೋಡಿ. ಇನ್ನೊಬ್ಬರ ನೋವಿನ ಮುಂದೆ ಭಕ್ತನ ಭರವಸೆ ಯಾವ ರೂಪದಲ್ಲಿರಬೇಕು ಎಂದು ಆ ಕಥೆ ಹೇಳುತ್ತದೆ: ಮಾತಿನ ರೂಪದಲ್ಲಲ್ಲ, ತನ್ನದನ್ನು ಕೊಡುವ ರೂಪದಲ್ಲಿ. ವರ್ಷ ಕೊಡಲಾಗದವರು ದಿನ ಕೊಡಬಹುದು. ದಿನ ಕೊಡಲಾಗದವರು ಒಂದು ಪಾತ್ರೆ ಸಾರು ಕೊಡಬಹುದು.

ನಮಗೆ ಕೊಟ್ಟವರಿದ್ದರು. ಅಪ್ಪ ಹೋದ ಮೇಲೆ ಎದುರುಮನೆಯಾಕೆ ಹದಿಮೂರು ದಿನವೂ ಬೆಳಿಗ್ಗೆ ಬರುತ್ತಿದ್ದರು. ಬಾಗಿಲಿಗೆ ನೀರು ಹಾಕಿ, ಹಾಲು ಕಾಯಿಸಿಟ್ಟು, “ಅಕ್ಕ, ಒಲೆ ಮೇಲೆ ಅನ್ನ ಇದೆ, ಒಂದ್ ತುತ್ತು ತಿನ್ನಿ” ಎಂದಷ್ಟೇ ಹೇಳಿ ಹೋಗುತ್ತಿದ್ದರು. ಅವರೂ ಭಜನಾ ಮಂಡಳಿಯವರೇ. ಆ ಹದಿಮೂರು ದಿನದಲ್ಲಿ ಅವರ ಬಾಯಲ್ಲಿ ಒಮ್ಮೆಯೂ ದೇವರ ಹೆಸರು ಬರಲಿಲ್ಲ. ಬ್ಯಾಂಕಿನ ಕಾಗದ, ಪಿಂಚಣಿಯ ಅರ್ಜಿ ಎಂದು ಅಮ್ಮನನ್ನು ಕರೆದುಕೊಂಡು ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಂತವರೂ ಅವರೇ. ಅಲ್ಲಿ ನಾಳೆ ಬನ್ನಿ ಎಂದಾಗ ಜೋರು ದನಿಯಲ್ಲಿ ಜಗಳ ಮಾಡಿದವರೂ ಅವರೇ. ರಾಗಿಯ ವಂಶದವರು ಎಂದು ನಾನು ಆಮೇಲೆ ಅಂದುಕೊಂಡೆ.

ಎಂಟು ತಿಂಗಳ ನಂತರ ಅಮ್ಮ ಹಾಡಿದಳು. ಯಾರೂ ಇಲ್ಲವೆಂದುಕೊಂಡು, ಅಡುಗೆಮನೆಯಲ್ಲಿ, ಕುಕ್ಕರಿನ ಸದ್ದಿನ ನಡುವೆ. ರಜೆಗೆ ಹೋಗಿದ್ದ ನಾನು ನಡುಮನೆಯಲ್ಲಿ ಕೂತು ಕೇಳಿದೆ. ಅವಳು ಆರಿಸಿಕೊಂಡದ್ದು ತಾಳ್ಮೆಯ ಹಾಡನ್ನಲ್ಲ. ನೀನೂ ಬೇಡ, ನಿನ್ನ ಹಂಗೂ ಬೇಡ ಎನ್ನುವ ಆ ಜಗಳದ ಹಾಡನ್ನು. ಮಧ್ಯೆ ಒಂದು ಕಡೆ ದನಿ ಒಡೆಯಿತು, ನಿಲ್ಲಿಸಿದಳು, ಮೂಗು ಒರೆಸಿಕೊಂಡಳು, ಅದೇ ಚರಣವನ್ನು ಮತ್ತೆ ಎತ್ತಿಕೊಂಡಳು. ಮುಗಿಯುವ ಹೊತ್ತಿಗೆ ಅವಳ ದನಿಯಲ್ಲಿ ಬಂದದ್ದಕ್ಕೆ ನನ್ನ ಬಳಿ ಆನಂದ ಎನ್ನುವುದಕ್ಕಿಂತ ಬೇರೆ ಪದವಿಲ್ಲ. ಅಳು ನಿಂತ ಮೇಲೆ ಬಂದ ಆನಂದವಲ್ಲ. ಅಳುವಿನ ಜೊತೆಗೇ, ಅದೇ ಉಸಿರಿನಲ್ಲಿ ಬಂದದ್ದು.

ನಾನು ನಂಬುತ್ತೇನೆಯೇ ಎಂದು ಕೇಳಿದರೆ, ಕೆಲವು ದಿನ ಹೌದು, ಕೆಲವು ದಿನ ಇಲ್ಲ. ಅದು ನನ್ನ ಮತ್ತು ಅವನ ನಡುವಿನ ವ್ಯವಹಾರ. ಮೂರನೆಯವರಿಗೆ ಸಹಿ ಹಾಕಿ ಕೊಡಬೇಕಾದದ್ದಲ್ಲ. ಅಮ್ಮನ ನಂಬಿಕೆಯೂ ಹಾಗೆಯೇ. ಅವಳು ಅದನ್ನು ಎಂಟು ತಿಂಗಳು ಬಿಟ್ಟಿದ್ದಳೋ, ಹಿಡಿದುಕೊಂಡೇ ಇದ್ದಳೋ ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಆ ಹಿರಿಯರು ಈಗಲೂ ಊರಿನಲ್ಲಿದ್ದಾರೆ. ಕೆಟ್ಟವರಲ್ಲ. ಅವರೂ ಎಲ್ಲೋ ಹೀಗೇ ಕೇಳಿಸಿಕೊಂಡು ಬೆಳೆದವರು. ಅವರ ದುಃಖದ ದಿನಗಳಲ್ಲೂ ಯಾರೋ ಬಂದು ನಗು ಎಂದಿರಬೇಕು. ಅವರಿಗೂ ಅವರ ಹಾಗೆ ಮಾತಾಡುವ ನಮ್ಮೆಲ್ಲರಿಗೂ ನನ್ನ ವಿನಂತಿ ಇಷ್ಟೇ. ಕನಕದಾಸರ ಆ ಹಾಡನ್ನು ಖಂಡಿತ ಹಾಡಿ. ನಿಮ್ಮ ಮನೆಯಲ್ಲಿ, ನಿಮ್ಮ ಕಷ್ಟದ ರಾತ್ರಿಯಲ್ಲಿ, ನಿಮ್ಮ ಮನಸ್ಸಿಗೆ ಕೇಳುವಷ್ಟು ದನಿಯಲ್ಲಿ ಹಾಡಿಕೊಳ್ಳಿ. ನೊಂದವರ ಮನೆಗೆ ಬರುವಾಗ ಅನ್ನ ತನ್ನಿ.